ಹಾಜರಿ ಪುಸ್ತಕದಲ್ಲಿ ಒಂಬತ್ತೇ ಜನ: ಹೊಸ ಕಾರ್ಮಿಕ ಕಾನೂನು ನಮ್ಮ ಸಣ್ಣ ಮಾಲೀಕರಿಗೆ ಏನು ಹೇಳುತ್ತೆ?

ದಾವಣಗೆರೆ: ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 29 ಹಳೇ ಕಾನೂನು ಹೋಗಿ ನಾಲ್ಕೇ ಉಳಿದವು, ಮಾಲೀಕರಿಗೆ ಇನ್ನು ಸಲೀಸು ಅನ್ನೋದು ದಿಲ್ಲಿಯ ಮಾತು. ಆದರೆ ಮಂಡಿಪೇಟೆ ಅಂಗಡಿ, ಬೆಣ್ಣೆ ದೋಸೆ ಹೋಟೆಲ್, ಮಂಡಕ್ಕಿ ಭಟ್ಟಿ, ಸಣ್ಣ ಮಿಲ್ಲು ನಡೆಸೋರಿಗೆ ಈ ಸುದ್ದಿ ಮುಟ್ಟಿದ್ದು ಹೆಚ್ಚಾಗಿ ವಾಟ್ಸಾಪ್ ಫಾರ್ವರ್ಡ್‌ನಲ್ಲಿ. ಅರ್ಧ ನಿಜ, ಅರ್ಧ ಗಾಳಿ ಮಾತು.

ಗೊಂದಲಕ್ಕೆ ಕಾರಣ ಇಲ್ಲದೇ ಇಲ್ಲ. ಹೊಸ ಸಂಹಿತೆ ಬಂದ ಕೂಡಲೇ ಹಳೇ ನಿಯಮ ಎಲ್ಲಾ ಸತ್ತು ಹೋಗಲ್ಲ. ಹೊಸದಕ್ಕೆ ವಿರುದ್ಧ ಇಲ್ಲದಷ್ಟು ಹಳೇದು, ಹೊಸ ನಿಯಮ ಬರೋವರೆಗೂ ನಡೀತಾ ಇರುತ್ತೆ. ಅದರ ಜೊತೆಗೆ ರಾಜ್ಯದ್ದೇ ಆದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ, ಅದು ಈ 29ರಲ್ಲಿ ಸೇರಿಲ್ಲ. ಅಂದ್ರೆ ಒಂದೇ ಅಂಗಡಿ ಮಾಲೀಕ ಒಟ್ಟೊಟ್ಟಿಗೆ ಮೂರು ಕಡೆ ನೋಡಬೇಕು.

ಮುಟ್ಟಿನ ರಜೆ ವಿಷಯವನ್ನೇ ತಗೊಳ್ಳಿ. ಹೆಣ್ಣು ಮಕ್ಕಳಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ರಜೆ ಅಂತ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಮಾಡಿತು. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯ್ತು. ಡಿಸೆಂಬರ್ 9ರಂದು ಕೋರ್ಟ್ ತಡೆ ಕೊಟ್ಟಿತು, ಅದೇ ದಿನ ಆ ತಡೆಯನ್ನ ವಾಪಸ್ ಪಡೀತು. ಬೆಳಗ್ಗೆ ಟಿವಿ ನೋಡಿ 'ರಜೆ ಕೊಡೋದು ಬೇಡ್ವಂತೆ' ಅಂದುಕೊಂಡೋರು ಸಂಜೆ ಸುದ್ದಿ ನೋಡದೇ ಇದ್ರೆ ಅವರ ತಲೇಲಿ ಇವತ್ತಿಗೂ ಅದೇ ಇರುತ್ತೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಣ್ಣ ಮಾಲೀಕರ ಲೆಕ್ಕ ಎಲ್ಲ ನಿಂತಿರೋದು ಎರಡು ಸಂಖ್ಯೆ ಮೇಲೆ, 10 ಮತ್ತು 20. ಹತ್ತು ಜನ ಆದ್ರೆ ಇಎಸ್‌ಐ, ಗ್ರಾಚ್ಯುಟಿ. ಇಪ್ಪತ್ತಾದ್ರೆ ಪಿಎಫ್. ಹಾಗಾಗಿ ಕೆಲಸಕ್ಕೆ ಹದಿಮೂರು ಜನ ಇದ್ರೂ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಜನ ಇರೋದು ಊರಿಗೆಲ್ಲ ಗೊತ್ತಿರೋ ಗುಟ್ಟು. ಉಳಿದವರು 'ಡೈಲಿ ಹುಡುಗರು', ಇಲ್ಲಾ 'ನಮ್ಮ ಸಂಬಂಧಿಕರು'. ಕಾನೂನು ಎಣಿಸುವಾಗ ದಿನಗೂಲಿಯವರನ್ನೂ ಗುತ್ತಿಗೆಯವರನ್ನೂ ಸೇರಿಸೇ ಎಣಿಸುತ್ತೆ.

ಈ ಒಂಬತ್ತರ ಆಟಕ್ಕೆ ಈಗ ಒಂದು ಹೊಸ ನೆಪ ಸಿಕ್ಕಿದೆ. ಕರೆಂಟ್ ಬಳಸೋ ಘಟಕದಲ್ಲಿ 10 ಜನ ಇದ್ರೆ ಫ್ಯಾಕ್ಟರಿ ಅಂತಿತ್ತು, ಹೊಸ ಸಂಹಿತೆಯಲ್ಲಿ ಅದು 20 ಆಗಿದೆ. ಕರೆಂಟ್ ಇಲ್ಲದ ಕಡೆ 20 ಇದ್ದದ್ದು 40. ಹದಿನೈದು ಜನ ಇಟ್ಟುಕೊಂಡಿರೋ ಮಿಲ್ ಮಾಲೀಕ 'ನಮಗೆ ಇನ್ನು ಏನೂ ಅನ್ವಯ ಆಗಲ್ಲ' ಅಂದ್ರೆ ತಪ್ಪು. ಫ್ಯಾಕ್ಟರಿ ಅನ್ನೋ ಹೆಸರು ಹೋಯ್ತು ಅಷ್ಟೇ. ಸುರಕ್ಷತೆಯ ಸಂಹಿತೆ 10 ಜನ ಇರೋ ಎಲ್ಲ ಸಂಸ್ಥೆಗೂ ಅನ್ವಯ, ನೇಮಕಾತಿ ಪತ್ರ ಕೊಡಲೇಬೇಕು, ಇಎಸ್‌ಐ ಇದ್ದ ಹಾಗೇ ಇದೆ.

ದುಡ್ಡಿನ ಲೆಕ್ಕಾನೇ ಮಾಡೋಣ. 14,000 ಸಂಬಳದ ಹುಡುಗನಿಗೆ ಇಎಸ್‌ಐನಲ್ಲಿ ಮಾಲೀಕನ ಪಾಲು ಶೇ 3.25, ಅಂದ್ರೆ ತಿಂಗಳಿಗೆ 455 ರೂಪಾಯಿ. ಹುಡುಗನ ಪಾಲು 105. ಅಷ್ಟಕ್ಕೆ ಅವನಿಗೂ ಅವನ ಮನೆಯವರಿಗೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ. ಕೆಲಸದಲ್ಲಿ ಕೈ ಕಾಲಿಗೆ ಪೆಟ್ಟಾಗಿ ಮನೇಲಿ ಕೂತರೆ ಸಂಬಳದ ಶೇ 90 ನಿಗಮವೇ ಕೊಡುತ್ತೆ. ಹತ್ತು ಜನರಿಗೆ ಮಾಲೀಕನ ಖರ್ಚು ವರ್ಷಕ್ಕೆ 54,600.

ಇನ್ನೊಂದು ಕಡೆ ನೋಡಿ. ಮೋಟಾರ್ ಓಡೋ ಮಿಲ್ಲಿನಲ್ಲಿ ನಿಜವಾಗಿಯೂ ಒಂಬತ್ತೇ ಜನ ಇದ್ದು, ಇಎಸ್‌ಐ ಇಲ್ಲ ಅಂತಿಟ್ಟುಕೊಳ್ಳಿ. 25 ವರ್ಷದ ಹುಡುಗ ಬೆಲ್ಟಿಗೆ ಸಿಕ್ಕಿ ಸತ್ತರೆ ಪರಿಹಾರದ ಲೆಕ್ಕ ಹೀಗೆ: ಸಂಬಳದ ಅರ್ಧ 7,000, ಅದಕ್ಕೆ ಆ ವಯಸ್ಸಿನ ಗುಣಕ 216.91. ಬರೋದು 15 ಲಕ್ಷದ 18 ಸಾವಿರಕ್ಕೂ ಹೆಚ್ಚು, ಪೂರ್ತಿ ಮಾಲೀಕನ ಜೇಬಿನಿಂದ. ಇನ್ನು ಇಎಸ್‌ಐ ಕಟ್ಟಬೇಕಾಗಿದ್ದೂ ಕಟ್ಟದೇ ಬಚ್ಚಿಟ್ಟವರಾದ್ರೆ, ನಿಗಮ ಕಾರ್ಮಿಕನ ಮನೆಯವರಿಗೆ ಕೊಟ್ಟದ್ದನ್ನ ಅವರಿಂದಲೇ ವಸೂಲಿ ಮಾಡಬಹುದು. ಹುಡುಗನ ಮನೆಯವರು ಮಾತ್ರ ಪುಸ್ತಕದಲ್ಲಿ ಹೆಸರೇ ಇಲ್ಲದ ಮಗ ಅಲ್ಲಿ ಕೆಲಸಕ್ಕಿದ್ದ ಅಂತ ಸಾಬೀತು ಮಾಡೋಕೆ ಅಲೀಬೇಕು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಾಗ ಏನಾಯ್ತು ನೆನಪಿರಬೇಕು. ಎಷ್ಟೋ ಅಂಗಡಿಯವರು ಸ್ಕ್ಯಾನರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ರು. ಕಾನೂನು ಅರ್ಥ ಆಗದೇ ಇದ್ರೆ ಬಚ್ಚಿಡೋದೇ ಸುಲಭ ಅನಿಸುತ್ತೆ. ನನ್ನ ಪ್ರಕಾರ ಇದರಲ್ಲಿ ಸರ್ಕಾರದ ಪಾಲೂ ದೊಡ್ಡದು. ಕಾನೂನು ಗೆಜೆಟ್‌ನಲ್ಲಿ ಬರುತ್ತೆ, ಕನ್ನಡದಲ್ಲಿ ಎರಡು ಪುಟದ ಕರಪತ್ರ ಅಂಗಡಿಗೆ ಬರಲ್ಲ. ಹೊಸ ಸಂಹಿತೆಯಲ್ಲಿ ಕಾರ್ಮಿಕ ಇನ್ಸ್‌ಪೆಕ್ಟರ್ ಹೆಸರನ್ನ 'ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್' ಅಂತ ಬದಲಿಸಿದ್ದಾರೆ. ಮಾಲೀಕರಿಗೂ ಕಾರ್ಮಿಕರಿಗೂ ಸಲಹೆ ಕೊಡೋದು ಈಗ ಅವರ ಕೆಲಸದಲ್ಲೇ ಸೇರಿದೆ. ವ್ಯಾಪಾರಿಗಳ ಸಂಘದವರು ಅವರನ್ನ ಒಂದು ದಿನ ಸಭೆಗೆ ಕರೆಸಿ ಕೇಳಬಹುದು, ಅದಕ್ಕೆ ಫೀಸ್ ಇಲ್ಲ.

ಒಬ್ಬನೇ ಹುಡುಗನನ್ನ ಇಟ್ಟುಕೊಂಡಿದ್ರೂ ತಪ್ಪಿಸಿಕೊಳ್ಳೋಕೆ ಆಗದ್ದು ವೇತನ ಸಂಹಿತೆ. ಕನಿಷ್ಠ ವೇತನ, ಮುಂದಿನ ತಿಂಗಳ 7ರೊಳಗೆ ಸಂಬಳ, ಹೆಚ್ಚು ಹೊತ್ತು ದುಡಿಸಿದ್ರೆ ಎರಡರಷ್ಟು ಕೂಲಿ. ನಮ್ಮ ಕಡೆ ಹೆಚ್ಚು ಬಿಸಿ ತಟ್ಟೋದು ಇನ್ನೊಂದು: ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು. ಬಿಡಿಸಿದ್ರೂ ಅಷ್ಟೇ, ಅವರೇ ಬಿಟ್ಟರೂ ಅಷ್ಟೇ. 'ಹಬ್ಬ ಆದ್ಮೇಲೆ ಬಾ, ನೋಡೋಣ' ಅನ್ನೋದು ಈಗ ಕಾನೂನು ಮುರಿದ ಹಾಗೆ. ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟರೆ ಮೊದಲ ಸಲ 50,000ವರೆಗೆ ದಂಡ, ಐದು ವರ್ಷದೊಳಗೆ ಮತ್ತೆ ಮಾಡಿದ್ರೆ ಒಂದು ಲಕ್ಷದವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು.

ಕನಿಷ್ಠ ವೇತನದ ಜೊತೆ ಸೇರೋ ತುಟ್ಟಿ ಭತ್ಯೆ ರಾಜ್ಯದಲ್ಲಿ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತೆ. ಹೋದ ವರ್ಷದ ಪಟ್ಟಿ ಗೋಡೆಗೆ ಅಂಟಿಸಿಕೊಂಡಿರೋರು ಹೊಸದನ್ನ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ ಪಡೆಯಬಹುದು.