ನೀರು ಹರಿಯುವ ಕಂಪ್ಯೂಟರಿಗೆ ಗಾಳಿಯಾಡುವ ಪೆಟ್ಟಿಗೆ

ಮದುವೆ ಸೀಸನ್ನೂ ಬಿಸಿಲೂ ಬಾಗಲಕೋಟೆಗೆ ಒಟ್ಟಿಗೇ ಬರುತ್ತವೆ. ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ಆಸುಪಾಸು ಇರುವಾಗ ಸ್ಟುಡಿಯೊದಲ್ಲಿ ವಿಡಿಯೊ ಎಡಿಟಿಂಗ್‌ಗೆ ಕೂತವರ ಕಂಪ್ಯೂಟರಿನ ಫ್ಯಾನುಗಳು ಭೋರೆನ್ನತೊಡಗುತ್ತವೆ, ಆಮೇಲೆ ಕೆಲಸವೇ ನಿಧಾನವಾಗುತ್ತದೆ. ಚಿಪ್ ಸುಟ್ಟುಹೋಗದಿರಲಿ ಎಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಆಗ ಯಾರಾದರೊಬ್ಬರು ವಾಟರ್ ಕೂಲಿಂಗ್ ಮಾತು ತೆಗೆಯುತ್ತಾರೆ. ಅದರಲ್ಲೂ ಪಂಪು, ಪೈಪು, ರೇಡಿಯೇಟರ್‌ಗಳನ್ನು ಬಿಡಿಬಿಡಿಯಾಗಿ ತಂದು ಕೈಯಾರೆ ಜೋಡಿಸುವ ಕಸ್ಟಮ್ ಲೂಪ್ ಬಗ್ಗೆ ಹುಡುಗರಿಗೆ ಮೋಹ ಜಾಸ್ತಿ. ಚರ್ಚೆಯೆಲ್ಲ ಪಂಪಿನ ಸುತ್ತ, ಬಣ್ಣದ ನೀರಿನ ಸುತ್ತ ನಡೆಯುತ್ತದೆ. ಮೊದಲು ತೀರ್ಮಾನಿಸಬೇಕಾದ ಕೇಸ್, ಅಂದರೆ ಇವನ್ನೆಲ್ಲ ಹಿಡಿಸುವ ಪೆಟ್ಟಿಗೆ ಮಾತ್ರ ಕೊನೆಗೆ ಉಳಿಯುತ್ತದೆ.

ವಾಟರ್ ಕೂಲಿಂಗ್ ಎಂದರೆ ನೀರೇ ತಂಪು ಹುಟ್ಟಿಸುತ್ತದೆ ಎಂಬ ತಪ್ಪು ಕಲ್ಪನೆ ನಮ್ಮಲ್ಲಿದೆ, ಅದಕ್ಕೆ ಕಾರಣ ಮನೆಮನೆಯ ಏರ್ ಕೂಲರ್. ಅದರಲ್ಲಿ ನೀರು ಆವಿಯಾಗುತ್ತದೆ, ಆದ್ದರಿಂದ ಗಾಳಿ ತಂಪಾಗುತ್ತದೆ. ಕಂಪ್ಯೂಟರಿನ ನೀರು ಮುಚ್ಚಿದ ಪೈಪಿನೊಳಗೇ ಸುತ್ತುತ್ತದೆ, ಆವಿಯಾಗುವ ಪ್ರಶ್ನೆಯೇ ಇಲ್ಲ. ಅದು ಚಿಪ್ಪಿನ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಮುಟ್ಟಿಸುತ್ತದೆ, ಅಷ್ಟೇ. ಅಲ್ಲಿಂದ ಬಿಸಿಯನ್ನು ಆಚೆ ದಾಟಿಸುವುದು ಗಾಳಿಯೇ. ಹಾಗಾಗಿ ನೀರು ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿಗೂ ದ್ರವದ ತಂಪೇ. ಅದರ ಬಿಸಿ ಕೂಡ ಕೊನೆಗೆ ಹೊರಗಿನ ಗಾಳಿಗೇ ಸೇರಬೇಕು.

ಲೆಕ್ಕ ಹೀಗಿದೆ. ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ 450 ವ್ಯಾಟ್ ತನಕ ವಿದ್ಯುತ್ ಕುಡಿಯುತ್ತದೆ. ಒಳ್ಳೆಯ ಪ್ರೊಸೆಸರ್ ಸೇರಿದರೆ 600 ದಾಟುತ್ತದೆ, ಅಷ್ಟೂ ಬಿಸಿಯಾಗಿಯೇ ಹೊರಬರುತ್ತದೆ. ಫ್ಯಾನು ನಿಧಾನ ತಿರುಗುತ್ತಿರುವಾಗ, ನೀರು ಕೋಣೆಗಿಂತ 10 ಡಿಗ್ರಿ ಬಿಸಿಯಿದ್ದರೆ ಸಾಕು ಎಂದುಕೊಂಡರೆ, ರೇಡಿಯೇಟರಿನ ಪ್ರತಿ 120 ಮಿ.ಮೀ. ಭಾಗ ಸುಮಾರು 100 ವ್ಯಾಟ್ ಕಳೆಯುತ್ತದೆಂಬುದು ಈ ಹವ್ಯಾಸದವರ ಅಂದಾಜು. ಅಂದರೆ 600 ವ್ಯಾಟಿಗೆ ಇಂಥ ಆರು ಭಾಗ, ಎಂದರೆ 360 ಅಳತೆಯ ಎರಡು ರೇಡಿಯೇಟರ್ ಬೇಕು. ಚಳಿ ದೇಶದಲ್ಲಿ ಒಂದರಲ್ಲೇ ಸುಧಾರಿಸಬಹುದು: ಕೋಣೆ 22 ಇದ್ದು ನೀರು 20 ಡಿಗ್ರಿ ಏರಿದರೂ 42. ನಮ್ಮಲ್ಲಿ ಕೋಣೆಯೇ 38 ಇದ್ದರೆ ಅದೇ ನೀರು 58ಕ್ಕೆ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಡಿ5 ಪಂಪಿನ ಮಿತಿ 60. ಎರಡು ರೇಡಿಯೇಟರ್ ಹಿಡಿಸದ ಕೇಸನ್ನು ಈ ಊರಿಗೆ ತರಬೇಡಿ ಎನ್ನಲು ಇಷ್ಟು ಸಾಕು. ಯಾವ ಭಾಗಕ್ಕೆ ನೀರು ಮೊದಲು ಹೋಗಬೇಕು ಎಂದು ತಲೆಕೆಡಿಸಿಕೊಳ್ಳುವವರಿದ್ದಾರೆ. ನಿಮಿಷಕ್ಕೆ 4 ಲೀಟರ್ ಹರಿದರೆ 600 ವ್ಯಾಟ್ ಹೊತ್ತ ಮೇಲೂ ನೀರು ಏರುವುದು ಎರಡು ಡಿಗ್ರಿ ಚಿಲ್ಲರೆ. ಆ ಚಿಂತೆ ಬಿಡಬಹುದು.

ಜಾಹೀರಾತಿನಲ್ಲಿ ‘360 ಹಿಡಿಸುತ್ತದೆ’ ಎಂದಿದ್ದರೂ ಟೇಪು ಹಿಡಿದು ನೋಡಬೇಕು. 360 ಎಂಬುದು ಮೂರು ಫ್ಯಾನುಗಳ ಲೆಕ್ಕ. ನೀರು ತಿರುಗುವ ತುದಿಗಳೂ ಸೇರಿದರೆ ರೇಡಿಯೇಟರಿನ ಉದ್ದ 400 ಮಿ.ಮೀ. ಹತ್ತಿರ ಹೋಗುತ್ತದೆ. ದಪ್ಪ ಕನಿಷ್ಠ 27-30, ಅದರ ಮೇಲೆ 25 ಮಿ.ಮೀ. ಫ್ಯಾನು. ಕೇಸಿನ ಛಾವಣಿಗೂ ಮದರ್‌ಬೋರ್ಡಿಗೂ ನಡುವೆ 55 ಮಿ.ಮೀ. ಸಿಗದಿದ್ದರೆ ಎತ್ತರದ ರ‍್ಯಾಮ್ ಫ್ಯಾನಿಗೆ ತಾಗುತ್ತದೆ. ಮುಂದೆ ಒಂದು, ಮೇಲೆ ಒಂದು ಕೂರಿಸುವಾಗ ಎರಡರ ಮೂಲೆಗಳು ಗುದ್ದಾಡುವುದೂ ಉಂಟು. ಪೈಪು ಬಾಗಲು, ನೀರಿನ ತೊಟ್ಟಿ ನಿಲ್ಲಲು ಇನ್ನಷ್ಟು ಜಾಗ ಬೇಕು.

2018ರಲ್ಲಿ ಬಂದ ಲಿಯಾನ್ ಲಿ ಓ11 ಡೈನಮಿಕ್ ಕೇಸ್ ಈ ಜಾಗದ ತಂಟೆಯನ್ನು ಚೆನ್ನಾಗಿ ಬಗೆಹರಿಸಿತು. ಮೇಲೆ, ಪಕ್ಕದಲ್ಲಿ, ಕೆಳಗೆ, ಮೂರೂ ಕಡೆ 360 ಕೂರುತ್ತದೆ. ಮುಂಭಾಗ ಪೂರ್ತಿ ಗಾಜು, ನೋಡಲು ಸೊಗಸು. ಅದನ್ನು ನೋಡಿ ಹುಟ್ಟಿದ ಅಗ್ಗದ ಗಾಜಿನ ಪೆಟ್ಟಿಗೆಗಳಲ್ಲಿ ಹಲವು ಮಾತ್ರ ಬೆಳಕಿಂಡಿಯಿಲ್ಲದ ಮಾಳಿಗೆ ಮನೆಯಂತೆ: ಒಳಗೆ ಹೊಕ್ಕ ಬಿಸಿಗೆ ದಾರಿಯಿಲ್ಲ. ನನ್ನನ್ನು ಕೇಳಿದರೆ ಫ್ರ್ಯಾಕ್ಟಲ್‌ನ ಮೆಶಿಫೈ 2 ಥರದ, ಮುಖವೆಲ್ಲ ಜಾಲರಿಯಾಗಿರುವ ಕೇಸೇ ನಮ್ಮ ಕಡೆಗೆ ಸರಿ. ಅಂದ ಸ್ವಲ್ಪ ಕಡಿಮೆ, ಇರಲಿ.

ಜಾಲರಿಯಿದ್ದರೆ ದೂಳಿನ ಪ್ರಶ್ನೆ ಬರುತ್ತದೆ, ನಮ್ಮ ಜಿಲ್ಲೆಯ ಇಳಕಲ್ಲಿನಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಕೆಂಪು ಗ್ರಾನೈಟ್ ಕೊಯ್ಯುವ ಕಡೆಯ ಕಲ್ಲುಪುಡಿ, ಮಗ್ಗಗಳ ಓಣಿಯ ನೂಲಿನ ಎಳೆ ಎರಡೂ ಗಾಳಿಯಲ್ಲಿರುತ್ತವೆ. ಕಲ್ಲುಪುಡಿಯನ್ನು ಊದಿ ಓಡಿಸಬಹುದು. ನೂಲಿನ ಎಳೆ ರೇಡಿಯೇಟರಿನ ರೆಕ್ಕೆಗಳಿಗೆ ಸಿಕ್ಕಿ ಜಮಖಾನೆಯಾಗಿಬಿಡುತ್ತದೆ, ಅದರ ಮೇಲೆ ಪುಡಿ ಕೂರುತ್ತದೆ. ಆದ್ದರಿಂದ ರೆಕ್ಕೆಗಳು ತೀರಾ ಒತ್ತೊತ್ತಾಗಿಲ್ಲದ ರೇಡಿಯೇಟರ್ ಆರಿಸಿ. ಗಾಳಿ ಒಳಬರುವ ಪ್ರತಿ ಬಾಯಿಗೂ ಸ್ಕ್ರೂ ಬಿಚ್ಚದೆ ಎಳೆದು ತೊಳೆಯಬಹುದಾದ ಫಿಲ್ಟರ್ ಇದೆಯೇ ನೋಡಿ. ಒಳಗೆ ಎಳೆಯುವ ಫ್ಯಾನು ಹೊರಗೆ ತಳ್ಳುವುದಕ್ಕಿಂತ ಹೆಚ್ಚಿದ್ದರೆ ಸಂದುಗೊಂದುಗಳಿಂದ ದೂಳು ನುಸುಳುವುದಿಲ್ಲ. ಪೆಟ್ಟಿಗೆ ನೆಲದ ಮೇಲಲ್ಲ, ಮೇಜಿನ ಮೇಲಿರಲಿ.

ಇನ್ನು ನೀರು. ಕಲಾದಗಿ ಸುತ್ತಲಿನ ಸುಣ್ಣಕಲ್ಲು, ಡೊಲೊಮೈಟ್ ಪದರಗಳಿಂದ ಬರುವ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಬಕೆಟ್ಟಿನ ಒಳಗೋಡೆಯ ಬಿಳಿ ಪಟ್ಟಿ ಅದೇ. ಚಿಪ್ಪಿನ ಮೇಲೆ ಕೂರುವ ವಾಟರ್ ಬ್ಲಾಕಿನ ಕೂದಲೆಳೆ ಸಂದುಗಳಲ್ಲಿ ಅದು ಕಟ್ಟಿಕೊಂಡರೆ ಮುಗಿಯಿತು. ಡಿಸ್ಟಿಲ್ಡ್ ವಾಟರ್‌ಗೆ ಪಾಚಿ, ತುಕ್ಕು ತಡೆಯುವ ದ್ರಾವಣ ಬೆರೆಸಿ ಹಾಕಬೇಕು, ತಾಮ್ರದ ಜೊತೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಬಾರದು. ಆ ನೀರನ್ನೂ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಕೇಸ್ ಆರಿಸುವಾಗ ಬಹುಪಾಲು ಜನ ಮರೆಯುವುದು ಇದನ್ನೇ: ಲೂಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ನಲ್ಲಿ ಕೂರಿಸಿ ಕೈ ಹಾಕಲು ಬರುವಂತಿರಬೇಕು, ಮೇಲೆ ನೀರು ತುಂಬಲು ಬಾಯಿ ಇರಬೇಕು, ಪಂಪು ತೊಟ್ಟಿಗಿಂತ ಕೆಳಗಿರಬೇಕು. ಇಲ್ಲದಿದ್ದರೆ ನೀರು ಬದಲಿಸುವ ದಿನ ಇಡೀ ಯಂತ್ರವನ್ನೇ ಮಗುಚಬೇಕಾಗುತ್ತದೆ.

ಇಷ್ಟೆಲ್ಲ ಯಾರಿಗೆ ಬೇಕು? ದಿನವಿಡೀ ರೆಂಡರ್ ಮಾಡುವವರಿಗೆ, ದೊಡ್ಡ ಗ್ರಾಫಿಕ್ಸ್ ಕಾರ್ಡು ದುಡಿಸುವವರಿಗೆ, ಕೈಗೆಲಸದ ಖುಷಿಗೆ ಮಾಡುವವರಿಗೆ. ಉಳಿದವರಿಗೆ ಜಾಲರಿ ಕೇಸು, ಫ್ಯಾನಿರುವ ಒಳ್ಳೆಯ ಹೀಟ್‌ಸಿಂಕು ಸಾಕು. ಉಳಿದ ದುಡ್ಡಿನಲ್ಲಿ ಯುಪಿಎಸ್ ಬರುತ್ತದೆ. ಕಟ್ಟಲೇಬೇಕೆಂದು ಹೊರಟವರು ಜೋಡಣೆಗಳಲ್ಲಿ ನೀರು ಸೋರದಂತೆ ತಡೆಯುವ ಓ-ರಿಂಗ್ ಒಂದೆರಡು ಜೊತೆ ಹೆಚ್ಚಿಗೆ ತರಿಸಿಟ್ಟುಕೊಳ್ಳಿ, ಕಂಪ್ಯೂಟರ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರೋಡು ಇಲ್ಲಿಂದ ಒಂದು ರಾತ್ರಿಯ ಬಸ್ ದೂರ. ಬಾಗಲಕೋಟೆಯ ವಿದ್ಯಾಗಿರಿಯ ರೂಮು ಖಾಲಿ ಮಾಡಿ ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಯಂತೂ ಆ ನಲ್ಲಿ ತಿರುಗಿಸಿ ನೀರೆಲ್ಲ ಇಳಿಸಿದ ಮೇಲೆಯೇ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಬೇಕು.