ಹಸಿರು ನಿಶಾನೆ ಬ್ಯಾಡ್ರಿ, ಐದು ಸೈಕಲ್ ಸಾಕು

‘ಹಸಿರು ನಿಶಾನೆ ತೋರಿಸುವ ಮೂಲಕ ಸೈಕಲ್ ಜಾಥಾಕ್ಕೆ ಚಾಲನೆ ನೀಡಿದರು.’

ಈ ಸಾಲನ್ನು ನೀವು ಎಷ್ಟು ಸಲ ಓದಿದ್ದೀರಿ? ಜಿಲ್ಲೆಯ ಸುದ್ದಿ ಬರೆಯುವ ನಮಗಂತೂ ಅದು ಬಾಯಿಪಾಠ. ಮತದಾನ ಜಾಗೃತಿ, ಡೆಂಗಿ ಜಾಗೃತಿ, ಹೆಲ್ಮೆಟ್ ಜಾಗೃತಿ ಎಂದು ವಿಷಯ ಬದಲಾಗುತ್ತದೆ, ಸಾಲು ಮಾತ್ರ ಬದಲಾಗುವುದಿಲ್ಲ. ಒಂದು ಟೋಪಿ, ಒಂದು ಬ್ಯಾನರ್, ಹತ್ತು ಫೋಟೊ. ಸರ್ಕಲ್ ಸುತ್ತಿ ಬಂದು ಉಪ್ಪಿಟ್ಟು ತಿಂದರೆ ಜಾಗೃತಿ ಮುಗಿಯಿತು.

ಇದರಲ್ಲಿ ಸೈಕಲ್ಲಿನ ತಪ್ಪೇನೂ ಇಲ್ಲ. ಸೈಕಲ್ ಒಳ್ಳೆಯದು, ಜಾಥಾನೂ ಒಳ್ಳೆಯದು. ಯಾರಿಗಾಗಿ ತುಳಿಯುತ್ತಿದ್ದೇವೆ, ಯಾರ ಬಾಗಿಲಿಗೆ ಹೋಗುತ್ತಿದ್ದೇವೆ, ಏನು ಕೇಳುತ್ತೇವೆ ಎಂಬ ಮೂರು ಪ್ರಶ್ನೆಗೆ ಉತ್ತರ ಇಲ್ಲದ ಜಾಥಾ ಮಾತ್ರ ದಂಡ. ಅದಕ್ಕೇ ನಾವು ಇವತ್ತು ಬೇರೆ ನಮೂನೆಯ ಒಂದು ಜಾಥಾದ ಬಗ್ಗೆ ವಾದ ಮಾಡುತ್ತೇವೆ. ಕೊಂಕಲ್‌ನಿಂದ ಯಾದಗಿರಿಯ ಜಿಲ್ಲಾಧಿಕಾರಿ ಕಚೇರಿಗೆ, ಬಂದೂಕಿನ ಸಾವು ನಿಲ್ಲಿಸಿ ಎಂದು ಕೇಳುವ ಸೈಕಲ್ ಜಾಥಾ.

‘ಬಂದೂಕಾ? ಇದೇನು ಅಮೆರಿಕಾ ಏನ್ರೀ? ನಮ್ಮ ಕಡೆ ಕುಡಿಯಾಕ ನೀರಿಲ್ಲ, ಹುಡುಗರು ಗುಳೆ ಹೋಗ್ಯಾರ, ತೊಗರಿಗೆ ರೇಟ್ ಇಲ್ಲ. ನೀವು ಬಂದೂಕು ಅಂತೀರಿ!’

ಈ ಮಾತು ಬರುತ್ತದೆ ಎಂದು ನಮಗೆ ಗೊತ್ತು. ಉತ್ತರವಾಗಿ ಐದು ಸಾವುಗಳ ಲೆಕ್ಕ ಕೊಡುತ್ತೇವೆ. ಐದೂ ನಮ್ಮ ರಾಜ್ಯದವು.

ಒಂದು. 2015ರ ಆಗಸ್ಟ್ 30, ಧಾರವಾಡ. ಬೆಳಿಗ್ಗೆ ಡಾ. ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು. ಅವರು ನಮ್ಮ ಪಕ್ಕದ ಸಿಂದಗಿ ಸೀಮೆಯ ಮಣ್ಣಿನಲ್ಲಿ ಹುಟ್ಟಿದವರು, ವಚನಗಳನ್ನು ಓಲೆಗರಿಯಿಂದ ಮನೆಮನೆಗೆ ಮುಟ್ಟಿಸಲು ದುಡಿದವರು.

ಎರಡು. 2017ರ ಸೆಪ್ಟೆಂಬರ್ 5, ಬೆಂಗಳೂರು. ರಾತ್ರಿ ಕೆಲಸ ಮುಗಿಸಿ ಮನೆಗೆ ಬಂದ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆ ಮುಂದೆಯೇ ಗುಂಡಿಟ್ಟು ಕೊಂದರು.

ಮೂರು. 2022ರ ಡಿಸೆಂಬರ್ 31, ಶಿವಮೊಗ್ಗ. ಹೊಸ ವರ್ಷದ ಪಾರ್ಟಿ. ಗಾಳಿಯಲ್ಲಿ ಗುಂಡು ಹಾರಿಸಿ ಸಂಭ್ರಮಿಸಬೇಕೆಂದು ಮನೆಯ ಹಿರಿಯರೊಬ್ಬರು ಬಂದೂಕಿಗೆ ಗುಂಡು ತುಂಬುವಾಗ ಅದು ಸಿಡಿದು ಮಗನ ಗೆಳೆಯನಿಗೆ ಬಡಿಯಿತು. ಅದನ್ನು ಕಂಡ ಹಿರಿಯರು ಹೃದಯಾಘಾತದಿಂದ ಸತ್ತರು. ಗುಂಡು ತಗುಲಿದ ಯುವಕನೂ ಉಳಿಯಲಿಲ್ಲ. ಒಂದು ಗುಂಡು, ಎರಡು ಹೆಣ, ಯಾರ ಮೇಲೂ ಯಾರಿಗೂ ದ್ವೇಷವೇ ಇರಲಿಲ್ಲ.

ನಾಲ್ಕು. 2025ರ ಜನವರಿ 16, ಬೀದರ್. ಹಾಡಹಗಲು, ಊರ ನಡುವೆ, ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ಒಯ್ದರು. ಹೊಟ್ಟೆಪಾಡಿಗೆ ಪೆಟ್ಟಿಗೆ ಹೊರುತ್ತಿದ್ದ ಒಬ್ಬ ಸತ್ತ.

ಐದು. 2025ರ ಫೆಬ್ರುವರಿ, ಮಂಡ್ಯ ಜಿಲ್ಲೆಯ ನಾಗಮಂಗಲ ತಾಲೂಕು. ಕೋಳಿ ಫಾರಂ ಒಂದರಲ್ಲಿ ಕೈಗೆಟುಕುವಂತೆ ಇದ್ದ ಬಂದೂಕನ್ನು ಒಬ್ಬ ಹುಡುಗ ಆಟದ ಸಾಮಾನಿನಂತೆ ಎತ್ತಿಕೊಂಡ. ಗುಂಡು ಹಾರಿತು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಕುಟುಂಬದ ಪುಟ್ಟ ಮಗು ಸತ್ತಿತು.

ಈ ಐದನೆಯದನ್ನು ಇನ್ನೊಮ್ಮೆ ಓದಿ. ದುಡಿಯಲು ಬಂದ ಕುಟುಂಬ, ಪರರ ಶೆಡ್ಡು, ಪರರ ಬಂದೂಕು. ನಮ್ಮ ಹೋಬಳಿಯಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಮಕ್ಕಳು ಮಲಗುವುದು ಎಂಥ ಶೆಡ್ಡಿನಲ್ಲಿ? ಗೋಡೆಗೆ ಏನು ತೂಗುಹಾಕಿದ್ದಾರೆ ಎಂದು ಅವರು ಮಾಲೀಕನನ್ನು ಕೇಳಬಲ್ಲರೇ? ‘ಬಂದೂಕಿನ ಚಿಂತೆ ದೊಡ್ಡವರದು’ ಎನ್ನುವವರು ಆ ಮಗುವನ್ನು ನೆನಸಿಕೊಳ್ಳಲಿ.

ಈಗ ಮೊದಲ ಎರಡಕ್ಕೆ ಬನ್ನಿ. ಆರೋಪಿಗಳ ವಿಚಾರ ನ್ಯಾಯಾಲಯದ್ದು, ಅದರಲ್ಲಿ ನಾವು ಬಾಯಿ ಹಾಕುವುದಿಲ್ಲ. ಆದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿದ್ದು ಎಲ್ಲ ಪತ್ರಿಕೆಯಲ್ಲೂ ಬಂದಿದೆ: ಎರಡೂ ಕೊಲೆಗೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು. ಅಂದರೆ ಧಾರವಾಡದಲ್ಲಿ ಒಬ್ಬರನ್ನು ಕೊಂದ ಪಿಸ್ತೂಲು ಎರಡು ವರ್ಷ ಎಲ್ಲೋ ಬಚ್ಚಿಟ್ಟುಕೊಂಡಿತ್ತು. ಆಮೇಲೆ ಬೆಂಗಳೂರಿನಲ್ಲಿ ಮತ್ತೆ ಹೊರಬಂತು. ಕೊಂದವರನ್ನು ಹಿಡಿಯುವುದು ನ್ಯಾಯ, ಕೊಲ್ಲುವ ಸಾಮಾನನ್ನು ಮೊದಲೇ ಹಿಡಿಯುವುದು ತಡೆಗಟ್ಟುವಿಕೆ. ನಮ್ಮಲ್ಲಿ ಮೊದಲನೆಯದರ ಮಾತು ಬಹಳ, ಎರಡನೆಯದರ ಮಾತು ಇಲ್ಲವೇ ಇಲ್ಲ.

ಇನ್ನು ನಮ್ಮ ಕೈಲಿರುವ ಫೋನಿಗೆ ಬರೋಣ. ಸ್ಟೇಟಸ್ ತೆಗೆದು ನೋಡಿ. ಹುಟ್ಟುಹಬ್ಬಕ್ಕೆ ಪಿಸ್ತೂಲಿನ ಸ್ಟಿಕ್ಕರ್. ಮದುವೆ ಮೆರವಣಿಗೆಯ ಡಿಜೆ ಹಾಡಿಗೆ ಗುಂಡಿನ ಸದ್ದು. ಒಂಬತ್ತನೇ ಕ್ಲಾಸಿನ ಹುಡುಗ ಎರಡು ಬೆರಳು ಚಾಚಿ ‘ಭೀಮಾ ತೀರದವರು ನಾವು’ ಎಂದು ರೀಲ್ಸ್ ಹಾಕುತ್ತಾನೆ. ಅವನಿಗೆ ಭೀಮಾ ತೀರ ಅಂದರೆ ಹಂತಕರು. ಸಿನಿಮಾದವರು ಅದನ್ನು ಮಾರಿದರು, ಟಿವಿಯವರು ಹಾಡಿ ಹೊಗಳಿದರು, ನಮ್ಮ ಹುಡುಗರು ಅದನ್ನೇ ವಿಳಾಸ ಮಾಡಿಕೊಂಡರು.

ಭೀಮಾ ತೀರಕ್ಕೆ ಬೇರೆ ವಿಳಾಸವೂ ಇದೆ. ಪಕ್ಕದ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಇದೇ ನದಿಯ ದಂಡೆಯ ಮೇಲೆ ಅಶೋಕನ ಶಾಸನಗಳು ಸಿಕ್ಕಿವೆ. ಅವುಗಳಲ್ಲಿ ಒಂದು ಹೇಳುವುದು ಇಷ್ಟೇ: ನಿನ್ನ ಪಂಥವನ್ನು ಹೊಗಳಿಕೊಳ್ಳುವ ಭರದಲ್ಲಿ ಪರರ ಪಂಥವನ್ನು ಹಳಿಯಬೇಡ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ದಂಡೆಯ ಕಲ್ಲು ಹೇಳಿದ ಮಾತು ಅದು. ಯಾವುದು ನಮ್ಮ ವಿಳಾಸ ಆಗಬೇಕು, ನೀವೇ ಹೇಳಿ.

ಇನ್ನೊಂದು ವಾದ ಇದೆ, ಅದನ್ನು ನಾವು ಹಗುರವಾಗಿ ತಗೊಳ್ಳುವುದಿಲ್ಲ. ‘ನಾವು ಸುರಪುರ ಸಂಸ್ಥಾನದ ನೆಲದವರು. ಆಯುಧ ಕೊಡುವುದಿಲ್ಲ ಎಂದು ಹಲಗಲಿಯ ಬೇಡರು ಪ್ರಾಣ ಕೊಟ್ಟರು. ಬಂದೂಕು ನಮ್ಮ ಮಾನ.’

ಹೌದು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಹಲಗಲಿ ಒಪ್ಪಲಿಲ್ಲ. ಊರು ಸುಟ್ಟರು, ಬಂಟರನ್ನು ನೇಣಿಗೆ ಹಾಕಿದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರೂ ಎಳೆಯ ಪ್ರಾಯದಲ್ಲೇ ಪ್ರಾಣ ಬಿಟ್ಟರು. ಆ ಹೋರಾಟ ನಮ್ಮ ಹೆಮ್ಮೆ. ಆದರೆ ಅವರ ಎದುರಿಗೆ ಇದ್ದದ್ದು ಕಂಪನಿ ಸರ್ಕಾರದ ಫೌಜು. ಇವತ್ತು ಮದುವೆ ಹಂದರದಲ್ಲಿ ಗುಂಡು ಹಾರಿಸುವವನ ಎದುರಿಗೆ ಇರುವುದು ಯಾರು? ಸೋದರತ್ತೆ, ಬೀಗರು, ಅನ್ನ ಬಡಿಸುವ ಹುಡುಗ. ಅಲ್ಲಿ ಬಂದೂಕು ಎತ್ತುವವನು ಹಲಗಲಿಯ ಹೆಸರು ಎತ್ತಬಾರದು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಓದಿಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ಬಂತು. ಮದುವೆ, ಸಭೆ, ಧಾರ್ಮಿಕ ಸ್ಥಳ, ಯಾವುದೇ ಸಮಾರಂಭದಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಂದೂಕಿಗೆ ಲೈಸೆನ್ಸ್ ಇದ್ದರೂ ಅಷ್ಟೇ. ಲೈಸೆನ್ಸ್ ಅಂದರೆ ಇಟ್ಟುಕೊಳ್ಳಲು ಕೊಟ್ಟ ಅನುಮತಿ, ಮೆರೆಯಲು ಕೊಟ್ಟ ಪದಕ ಅಲ್ಲ.

ಹೊಲಕ್ಕೆ ಹಂದಿ ನುಗ್ಗುವ ರೈತ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದು ಬಂದೂಕು ಇಟ್ಟುಕೊಂಡರೆ ನಮ್ಮ ತಕರಾರಿಲ್ಲ. ಆ ಬಂದೂಕು ಬೀಗದೊಳಗೆ ಇದೆಯೇ, ಗುಂಡು ಬೇರೆ ಕಡೆ ಇದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಸರಿ, ಇದಕ್ಕೆಲ್ಲ ಸೈಕಲ್ ಯಾಕೆ?

ಅಮೆರಿಕಾದ ಮಾತು ನೀವೇ ತೆಗೆದಿರಿ, ಅಲ್ಲಿಂದಲೇ ಹೇಳುತ್ತೇವೆ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ. 20 ಮಕ್ಕಳು, ಶಾಲೆಯ ಆರು ಮಂದಿ ದೊಡ್ಡವರು ಸತ್ತರು. ಮೂರು ತಿಂಗಳಾಗುವಷ್ಟರಲ್ಲಿ, 2013ರ ಮಾರ್ಚ್‌ನಲ್ಲಿ, ಅದೇ ಊರಿನಿಂದ 26 ಮಂದಿ ಸೈಕಲ್ ಹತ್ತಿದರು. ತಂಡದ ಹೆಸರೇ ‘ಟೀಮ್ 26’. ಸತ್ತ ಒಬ್ಬೊಬ್ಬರಿಗೂ ಒಂದೊಂದು ಸೈಕಲ್. ಚಳಿಯಲ್ಲಿ ನಾಲ್ಕು ದಿನ, ಸುಮಾರು 640 ಕಿಲೋಮೀಟರ್ ತುಳಿದು ವಾಷಿಂಗ್ಟನ್ನಿನ ಸಂಸತ್ ಭವನ ತಲುಪಿದರು. ದಾರಿಯ ಊರುಗಳಲ್ಲಿ ನಿಂತು ಮಾತಾಡಿದರು.

ಅವರು ‘ಬಂದೂಕು ಕೆಟ್ಟದ್ದು’ ಎಂದು ಕೂಗಿ ವಾಪಸ್ ಬರಲಿಲ್ಲ. ಬಂದೂಕು ಕೊಳ್ಳುವವನ ಹಿನ್ನೆಲೆ ತಪಾಸಣೆ ಕಡ್ಡಾಯ ಮಾಡಿ ಎಂಬ ಗಟ್ಟಿ ಬೇಡಿಕೆ ಕೈಯಲ್ಲಿತ್ತು. ಮರು ತಿಂಗಳೇ ಅಂಥ ಮಸೂದೆ ಸೆನೆಟ್‌ನಲ್ಲಿ ಬಿದ್ದುಹೋಯಿತು. ಪರವಾಗಿ 54 ಮತ, ಬೇಕಿದ್ದದ್ದು 60. ಆದರೂ ಅವರು ಸೈಕಲ್ ಮೂಲೆಗಿಡಲಿಲ್ಲ, ಮರುವರ್ಷ ಮತ್ತೆ ಹೊರಟರು. ಅಲ್ಲಿ ಕೇಂದ್ರದ ಮಟ್ಟದಲ್ಲಿ ಒಂದು ಬಂದೂಕು ಸುರಕ್ಷತಾ ಕಾನೂನು ಬಂದದ್ದು 2022ರ ಜೂನ್‌ನಲ್ಲಿ, ಇನ್ನೊಂದು ಶಾಲೆಯಲ್ಲಿ ಇನ್ನಷ್ಟು ಮಕ್ಕಳು ಸತ್ತ ಮೇಲೆ. ಸೈಕಲ್ಲಿನವರೇ ಕಾನೂನು ತಂದರು ಎಂದು ನಾವು ಹೇಳುವುದಿಲ್ಲ. ದೇಶ ಮರೆಯಲು ಹೊರಟಾಗ ಮರೆಯಲು ಬಿಡದವರಲ್ಲಿ ಅವರೂ ಇದ್ದರು ಎನ್ನುತ್ತೇವೆ.

ನಮ್ಮ ಕೆಲಸ ಅವರದಕ್ಕಿಂತ ಸುಲಭ. ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು. ನಮ್ಮಲ್ಲಿ ಜಿಲ್ಲಾಧಿಕಾರಿ ಕೊಡುವ ಲೈಸೆನ್ಸ್. ಕಾನೂನು ಈಗಾಗಲೇ ಇದೆ, ಕೇಳುವವರು ಇಲ್ಲ.

ಸೈಕಲ್ ಯಾಕೆಂದರೆ, ಮೈಕ್ ಕಟ್ಟಿದ ಜೀಪು ಧೂಳೆಬ್ಬಿಸಿ ಹೋಗಿಬಿಡುತ್ತದೆ. ಸೈಕಲ್ಲಿನವನು ಪ್ರತಿ ಊರಲ್ಲೂ ನೀರಿಗೆ ನಿಲ್ಲಬೇಕು. ಕಟ್ಟೆಯ ಮೇಲೆ ಕೂತವರು ‘ಎಲ್ಲಿಗಿ ಹೊಂಟೀರಿ?’ ಎಂದು ಕೇಳೇ ಕೇಳುತ್ತಾರೆ. ಜಾಗೃತಿ ಅಂದರೆ ಆ ಪ್ರಶ್ನೆ ಮತ್ತು ಅದಕ್ಕೆ ಕೊಡುವ ಉತ್ತರ. ಇನ್ನೊಂದು ಕಾರಣ, ಪಿಸ್ತೂಲಿನ ರೀಲ್ಸ್ ನೋಡುವ ವಯಸ್ಸೂ ಸೈಕಲ್ ತುಳಿಯುವ ವಯಸ್ಸೂ ಒಂದೇ. ಆ ಹುಡುಗನಿಗೆ ಬುದ್ಧಿ ಹೇಳಬೇಡಿ, ಹ್ಯಾಂಡಲ್ ಕೊಡಿ.

ಹಾಗಾಗಿ ನಮ್ಮ ಪ್ರಸ್ತಾಪ ಇದು. ದಿನ ಆಗಸ್ಟ್ 30, ಕಲಬುರ್ಗಿಯವರು ಹೋದ ದಿನ. ಐದು ಸೈಕಲ್. ಒಂದೊಂದರ ಮುಂದೆ ಒಂದೊಂದು ಹಲಗೆ: ಧಾರವಾಡ 2015, ಬೆಂಗಳೂರು 2017, ಶಿವಮೊಗ್ಗ 2022, ಬೀದರ್ 2025, ನಾಗಮಂಗಲ 2025. ಹಿಂದೆ ಎಷ್ಟು ಜನ ಬಂದರೂ ಸ್ವಾಗತ, ಯಾರೂ ಬರದಿದ್ದರೂ ಐದು ಹೊರಡಬೇಕು. ನಿಶಾನೆ ತೋರಿಸಲು ಯಾರನ್ನೂ ಕರೆಯುವುದು ಬೇಡ. ಪಕ್ಷದ ಬಾವುಟ, ಜಾತಿಯ ಬಾವುಟ, ಪ್ರಾಯೋಜಕರ ಟೋಪಿ ಬೇಡ. ಶಾಲೆ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸುವುದಂತೂ ಬೇಡವೇ ಬೇಡ.

ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಅವರಲ್ಲಿ ಕೇಳುವುದು ನಾಲ್ಕೇ.

ಜಿಲ್ಲೆಯಲ್ಲಿ ಹೋಬಳಿವಾರು ಎಷ್ಟು ಬಂದೂಕು ಲೈಸೆನ್ಸ್ ಇವೆ, ಯಾವ ಕಾರಣಕ್ಕೆ ಕೊಟ್ಟಿದ್ದು, ಎಷ್ಟರ ಅವಧಿ ಮುಗಿದಿದೆ ಎಂಬ ಸಂಖ್ಯೆ ಪ್ರಕಟಿಸಿ. ಹೆಸರು ಬೇಡ, ಸಂಖ್ಯೆ ಸಾಕು.

ಲೈಸೆನ್ಸ್ ನವೀಕರಿಸುವಾಗ ಬಂದೂಕು ಎಲ್ಲಿ, ಹೇಗೆ ಇಟ್ಟಿದ್ದಾರೆ ಎಂದು ನೋಡಿ ಬನ್ನಿ. ಬರೀ ಕಾಗದ ನೋಡಬೇಡಿ.

ಪ್ರತಿ ಕಲ್ಯಾಣ ಮಂಟಪ, ಜಾತ್ರೆ ಸಮಿತಿ, ಉರುಸು ಸಮಿತಿಗೆ ಸಂಭ್ರಮದ ಗುಂಡಿನ ಶಿಕ್ಷೆ ಏನು ಎಂಬ ಕನ್ನಡ ಬೋರ್ಡ್ ಕೊಡಿ.

ನಾಡ ಪಿಸ್ತೂಲಿನ ಪ್ರಕರಣದಲ್ಲಿ ಅದು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂಬ ತನಿಖೆಯನ್ನು ಕೊನೆ ಮುಟ್ಟಿಸಿ. ಹಿಡಿದ ಹುಡುಗನ ಫೋಟೊ ಹಂಚಿ ಕೈ ತೊಳೆದುಕೊಳ್ಳಬೇಡಿ.

‘ಇದೆಲ್ಲ ಆಗದ ಮಾತು’ ಎನ್ನುವ ಅಧಿಕಾರಿಗೆ ಒಂದು ನೆನಪು. ಚುನಾವಣೆ ಘೋಷಣೆ ಆದ ಕೂಡಲೇ ಲೈಸೆನ್ಸ್ ಇದ್ದವರಿಗೆ ಬಂದೂಕು ಠಾಣೆಗೆ ಒಪ್ಪಿಸಿ ಎಂದು ನೀವೇ ಆದೇಶ ಮಾಡುತ್ತೀರಿ. ಮತಗಟ್ಟೆ ಕಾಯಲು ಲೆಕ್ಕ ಸಿಗುತ್ತದೆ. ಮದುವೆ ಮಂಟಪ ಕಾಯಲು, ಕೋಳಿ ಶೆಡ್ಡಿನ ಕೂಸನ್ನು ಕಾಯಲು ಅದೇ ಲೆಕ್ಕ ಯಾಕೆ ಸಿಗುವುದಿಲ್ಲ?

ಆಗಸ್ಟ್‌ವರೆಗೆ ಕಾಯಬೇಕಿಲ್ಲ. ಮೊದಲ ಪ್ರಶ್ನೆಯನ್ನು ಇವತ್ತೇ ಆರ್‌ಟಿಐ ಅರ್ಜಿಯಲ್ಲಿ ಕೇಳಬಹುದು. ಹತ್ತು ರೂಪಾಯಿ ಶುಲ್ಕ, 150 ಪದದೊಳಗೆ ಬರೆಯಿರಿ, 30 ದಿನದಲ್ಲಿ ಉತ್ತರ ಕೊಡಬೇಕು. ಸ್ಟೇಟಸ್‌ನಲ್ಲಿ ನಿಜವಾದ ಪಿಸ್ತೂಲು ಕಂಡರೆ ಫಾರ್ವರ್ಡ್ ಮಾಡಬೇಡಿ, 112ಕ್ಕೆ ಫೋನ್ ಮಾಡಿ. ನಿಮ್ಮ ಮನೆ ಮದುವೆಯಲ್ಲಿ ಯಾರಾದರೂ ಬಂದೂಕು ತಂದರೆ ಬೀಗರು ಏನಂದಾರು ಎಂದು ನೋಡಬೇಡಿ, ಅವರನ್ನು ಹಂದರದಿಂದ ಹೊರಗೆ ಕಳಿಸಿ.

ಮನೆಯ ಹಿಂದೆ ತುಕ್ಕು ಹಿಡಿದು ನಿಂತ ಸೈಕಲ್ ಇದ್ದರೆ ಚೈನಿಗೆ ಎಣ್ಣೆ ಬಿಡಿ. ಐದು ಬೇಕು. ಎರಡು ನಮ್ಮ ಬಳಗದವು. ಮೂರು ನಿಮ್ಮವು.