ಬಣ್ಣ ಕಳಚಿದ ಮೇಲೆ

ತಾರೆಯೆಂದ ಮೇಲೆ ಪರಿಚಾರಕರ ಪರಿವಾರ ಇದ್ದದ್ದೇ. ಆದರೆ 2002ರಲ್ಲಿ ತೆರೆಕಂಡ ‘ಫುಲ್ ಫ್ರಂಟಲ್’ ಎಂಬ ಪ್ರಾಯೋಗಿಕ ಹಾಸ್ಯಚಿತ್ರಕ್ಕೆ ಅಮೆರಿಕದ ದಿಗ್ದರ್ಶಕ ಸ್ಟೀವನ್ ಸೋಡರ್‌ಬರ್ಗ್ ವಿಧಿಸಿದ ಕಟ್ಟಳೆಗಳೇ ಬೇರೆ: ನಟನಟಿಯರು ತಾವೇ ಕಾರು ನಡೆಸಿಕೊಂಡು ಬರತಕ್ಕದ್ದು, ಉಡುಪು, ಪ್ರಸಾಧನ ಅವರವರದೇ, ವಿಶ್ರಾಂತಿಗೆ ಪ್ರತ್ಯೇಕ ಬಿಡಾರವಿಲ್ಲ. ಹಿಂದಿನ ವರ್ಷವಷ್ಟೇ ಆಸ್ಕರ್ ಪಡೆದಿದ್ದ ಜೂಲಿಯಾ ರಾಬರ್ಟ್ಸ್‌ಗೂ ವಿನಾಯಿತಿ ದೊರೆಯಲಿಲ್ಲ.

ಇದು ಲಾಸ್ ಏಂಜಲೀಸಿನ ಒಂದು ದಿನದ ಕಥೆ. ಚಿತ್ರನಿರ್ಮಾಪಕನೊಬ್ಬನ ನಲವತ್ತನೆಯ ಹುಟ್ಟುಹಬ್ಬದ ಸುತ್ತ ಹಲವರ ಬಾಳು ತೊಡರಿಕೊಳ್ಳುತ್ತದೆ. ಪತಿಯನ್ನು ತೊರೆಯಬಯಸಿದ ಪತ್ನಿಯೊಬ್ಬಳು ಅದನ್ನು ಕಾಗದದಲ್ಲಿ ಬರೆಯುತ್ತಾಳೆ. ಎದುರು ಕುಳಿತು ಹೇಳಲಾರಳು. ಅದೇ ದಿನ ಅವನ ನೌಕರಿಯೂ ಹೋಗುತ್ತದೆ. ಇವರ ಸಂಸಾರವನ್ನು ಒರಟು ಡಿಜಿಟಲ್ ವಿಡಿಯೋದಲ್ಲಿಯೂ, ಇವರ ನಡುವೆ ತಯಾರಾಗುವ ‘ಚಿತ್ರದೊಳಗಿನ ಚಿತ್ರ’ವನ್ನು ನುಣುಪಾದ 35 ಮಿ.ಮೀ. ಫಿಲ್ಮಿನಲ್ಲಿಯೂ ತೆಗೆಯಲಾಗಿದೆ. ಒರಟಾದದ್ದೇ ನಿಜವೆಂದು ಪ್ರೇಕ್ಷಕ ನಂಬುತ್ತಾನೆ. ಕೊನೆಗೆ ವಿಮಾನದಲ್ಲಿ ಇಬ್ಬರು ಸಂಧಿಸಿದಾಗ ಕ್ಯಾಮೆರಾ ಹಿಂದೆ ಸರಿಯುತ್ತದೆ. ಆ ವಿಮಾನವೂ ಸ್ಟುಡಿಯೋದ ಸೆಟ್ಟು!

ಬಹುಪಾಲು ವಿಮರ್ಶಕರು ಮೂಗು ಮುರಿದರು. ಚಿತ್ರ ಒಡಕುಒಡಕಾಗಿದೆಯೆಂಬುದೂ ಸುಳ್ಳಲ್ಲ. ಆದರೂ ಆ ಕಾಗದ ಬರೆದವಳು ಮನಸ್ಸಿನಲ್ಲಿ ಉಳಿಯುತ್ತಾಳೆ. ಮುಖದ ಬಣ್ಣ ತೊಳೆಯಲು ನೀರು ಸಾಕು. ಒಂದೇ ಸೂರಿನಡಿ ಒಬ್ಬರೆದುರು ಒಬ್ಬರು ನಟಿಸುವ ಅಭ್ಯಾಸ ಅಷ್ಟು ಸುಲಭವಾಗಿ ತೊಳೆದುಹೋಗುವುದಿಲ್ಲ.